ದಂಡ ಏರಿಸಿದರೆ ವಿಮೆ ಮಾಡಿಸುತ್ತಾರೆಯೇ?

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ಬೈಕ್ ಡಿಕ್ಕಿ ಹೊಡೆದು ನನ್ನ ತಮ್ಮನ ಕಾಲು ಮುರಿಯಿತು. ಆ ಬೈಕಿಗೆ ವಿಮೆ ಇರಲಿಲ್ಲ. ಮಾಲೀಕನೇ ಪರಿಹಾರ ಕೊಡಬೇಕೆಂದು ಅಪಘಾತ ಪರಿಹಾರ ನ್ಯಾಯಮಂಡಳಿ ಆದೇಶಿಸಿದೆ. ಆತ, 'ಗಾಡಿ ಎಂದೋ ಮಾರಿದ್ದೇನೆ' ಎನ್ನುತ್ತಾನೆ. ಇದುವರೆಗೆ ಒಂದು ರೂಪಾಯಿಯೂ ಬಂದಿಲ್ಲ. ನಾನು ಪ್ರತಿವರ್ಷ ತಪ್ಪದೆ ಪ್ರೀಮಿಯಂ ಕಟ್ಟುವವನು. ವಿಮೆಯಿಲ್ಲದವರಿಗೆ ಇಪ್ಪತ್ತು ಸಾವಿರ ದಂಡ ಹಾಕಿ ಗಾಡಿ ಜಪ್ತಿ ಮಾಡಿದರೆ ಎಲ್ಲ ಸರಿಹೋಗುವುದಿಲ್ಲವೇ?"

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಇಪ್ಪತ್ತು ಸಾವಿರದ ಮದ್ದಿನ ಮೇಲೆ ಮಾತ್ರ ನನಗೆ ನಂಬಿಕೆಯಿಲ್ಲ. 75ರಿಂದ 150 ಸಿಸಿವರೆಗಿನ ಬೈಕಿಗೆ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಪರಿಹಾರ ಕೊಡುವ ವಿಮೆಯ, ಮೂಲ ಪ್ರೀಮಿಯಂ 2022ರ ದರಪಟ್ಟಿಯ ಪ್ರಕಾರ ವರ್ಷಕ್ಕೆ 714 ರೂಪಾಯಿ. ವಿಮೆಯಿಲ್ಲದೆ ಓಡಿಸಿದರೆ ದಂಡ ಒಂದು ಸಾವಿರ ಇದ್ದದ್ದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಎರಡು ಸಾವಿರಕ್ಕೆ ಏರಿಸಿತು. ಮತ್ತೆ ಸಿಕ್ಕಿಬಿದ್ದರೆ ನಾಲ್ಕು ಸಾವಿರ, ಜತೆಗೆ ಮೂರು ತಿಂಗಳವರೆಗೆ ಜೈಲು ವಿಧಿಸಲೂ ಅವಕಾಶವಿದೆ. ಲೆಕ್ಕ ಬಲ್ಲ ಯಾರೇ ಆದರೂ 714 ಕಟ್ಟಿ ನೆಮ್ಮದಿಯಾಗಿರಬೇಕಿತ್ತು. ಆದರೂ ದೇಶದ ಅರ್ಧಕ್ಕಿಂತ ಹೆಚ್ಚು ವಾಹನಗಳಿಗೆ ವಿಮೆಯಿಲ್ಲ ಎಂದು ವಿಮಾ ಕಂಪನಿಗಳ ಒಕ್ಕೂಟವೇ 2024ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೇಳಿಕೊಂಡಿತು. ಗುಜರಿ ಸೇರಿದರೂ ದಾಖಲೆಯಿಂದ ಹೆಸರು ಅಳಿಸದ ಸ್ಕೂಟರುಗಳೂ ಆ ಲೆಕ್ಕದೊಳಗೆ ಸೇರಿಕೊಂಡಿರುತ್ತವೆ, ನಿಜ. ಅವನ್ನು ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ.

ದಂಡದ ಮೊತ್ತ ನೋಡಿ ಯಾರೂ ಹೆದರುವುದಿಲ್ಲ, ಸಿಕ್ಕಿಬೀಳುತ್ತೇನೆ ಎಂಬ ಖಾತ್ರಿಯಿದ್ದರೆ ಹೆದರುತ್ತಾರೆ. ಆ ಖಾತ್ರಿ ನಮ್ಮಲ್ಲಿಲ್ಲ. ಸಿಕ್ಕಿಬಿದ್ದವರಿಗೂ ಕಾಯುವ ತಾಳ್ಮೆಯಿದ್ದರೆ ಸಾಕು: ಬಾಕಿ ಉಳಿದ ಸಂಚಾರ ದಂಡಗಳಿಗೆ ನಮ್ಮ ರಾಜ್ಯ ಸರ್ಕಾರ 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ನಿಮ್ಮ ಇಪ್ಪತ್ತು ಸಾವಿರವೂ ಒಂದು ದಿನ ಹೀಗೆಯೇ ಹತ್ತು ಸಾವಿರವಾದೀತು.

ಹಾಗಾದರೆ ಹಿಡಿಯುವುದು ಎಲ್ಲಿ? ಹೊಸ ಗಾಡಿ ನೋಂದಣಿಯಾಗುವಾಗ ವಿಮೆ ಇದ್ದೇ ಇರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದೆ. ತೊಡಕು ಶುರುವಾಗುವುದು ಆ ಅವಧಿ ಮುಗಿದ ಮೇಲೆ. ಲಾರಿ, ಟ್ಯಾಕ್ಸಿಗಳು ಫಿಟ್‌ನೆಸ್ ಪತ್ರಕ್ಕೆಂದು ಆಗಾಗ ಆರ್‌ಟಿಒ ಕಚೇರಿಗೆ ಹೋಗಲೇಬೇಕು. ಸ್ವಂತ ಬಳಕೆಯ ಬೈಕಿನ ನೋಂದಣಿಗಾದರೋ ಹದಿನೈದು ವರ್ಷದ ಆಯುಸ್ಸು. ನಡುವಿನ ಅಷ್ಟೂ ವರ್ಷ ಮಾಲೀಕನನ್ನು ಕರೆದು ಕೇಳುವವರು ಯಾರೂ ಇಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. ವಾಹನದ ಸಂಖ್ಯೆ ಕೊಟ್ಟರೆ ವಿಮೆ ಎಂದಿನವರೆಗೆ ಇದೆ ಎಂದು ಸರ್ಕಾರದ್ದೇ ಮೊಬೈಲ್ ಆ್ಯಪ್ ತೋರಿಸುತ್ತದೆ. ಎಂಪರಿವಾಹನ್‌ನಲ್ಲಿ ನಾವು ನೀವು ನೋಡಬಹುದಾದದ್ದನ್ನು ಇಲಾಖೆ ನೋಡಲಾರದೇ? ಅವಧಿ ಮುಗಿದ ವಾರವೇ ಮಾಲೀಕನಿಗೆ ನೋಟಿಸ್ ಹೋಗಬೇಕು. ಬ್ರಿಟನ್ 2011ರಲ್ಲಿ ಇದನ್ನೇ ಮಾಡಿತು. ಅಲ್ಲಿ ಗಾಡಿ ರಸ್ತೆಗೆ ಇಳಿಯಬೇಕೆಂದೂ ಇಲ್ಲ, ವಿಮೆಯಿಲ್ಲದ ವಾಹನದ ಮಾಲೀಕನಾಗಿರುವುದೇ ತಪ್ಪು. ಓಡಿಸುವುದಿಲ್ಲವೆಂದಾದರೆ ಮೊದಲೇ ಘೋಷಿಸಬೇಕು. ನಮ್ಮ ಕಾಯ್ದೆಯ 146ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಬಳಸಿದರಷ್ಟೇ ತಪ್ಪು ಎನ್ನುತ್ತದೆ. ಹಾಗಾಗಿ ಪೊಲೀಸರು ಅಡ್ಡಹಾಕಿ ಹಿಡಿಯಬೇಕು, ಇಲ್ಲವೇ ಅಪಘಾತವೇ ಆಗಬೇಕು. ಒಡಿಶಾ 2024ರಲ್ಲಿ ಟೋಲ್ ಗೇಟ್‌ಗಳಲ್ಲೇ ವಾಹನದ ದಾಖಲೆ ಪರೀಕ್ಷಿಸಿ ಇ-ಚಲನ್ ಕಳಿಸಲು ಹೊರಟಿತು. ಒಳ್ಳೆಯದೇ, ಆದರೆ ಬೈಕಿಗೆ ಟೋಲ್ ಇಲ್ಲ. ನಿಮ್ಮ ತಮ್ಮನಿಗೆ ಗುದ್ದಿದಂಥ ಗಾಡಿ ಆ ಬಲೆಗೆ ಬೀಳುವುದು ಕಷ್ಟ.

ಅತ್ತ ಬಿಗಿ ಮಾಡಲು ಹೋಗಿ ಇತ್ತ ಸಡಿಲವಾದ ಕಥೆಯೂ ಒಂದಿದೆ. ಹೊಗೆ ತಪಾಸಣೆಯ ಪತ್ರವಿಲ್ಲದೆ ವಿಮೆ ನವೀಕರಿಸಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಹೊಗೆ ಪತ್ರಕ್ಕೆ ಅಲೆಯಲಾರದವರು ವಿಮೆಯನ್ನೂ ಕೈಬಿಟ್ಟರು ಎಂಬ ದೂರು ಬಂದು, 2024ರ ಜುಲೈನಲ್ಲಿ ನ್ಯಾಯಾಲಯ ಆ ಷರತ್ತನ್ನು ತೆಗೆದುಹಾಕಿತು.

ನನಗೆ ಇವೆಲ್ಲಕ್ಕಿಂತ ಅಸಹ್ಯವೆನಿಸುವುದು ಬೇರೆ. ಗುದ್ದಿದ ವಾಹನ ಯಾವುದೆಂದು ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ನಿಮ್ಮ ತಮ್ಮನಿಗೆ ಅದು ಸಿಗುವುದಿಲ್ಲ, ಏಕೆಂದರೆ ಗಾಡಿ ಪತ್ತೆಯಾಗಿದೆ! ಬೈಕಿನವನು ಪರಾರಿಯಾಗಿದ್ದರೆ ಐವತ್ತು ಸಾವಿರವಾದರೂ ಬರುತ್ತಿತ್ತು. ಬ್ರಿಟನ್ನಿನಲ್ಲಿ ವಿಮಾ ಕಂಪನಿಗಳೇ ಸೇರಿ 1946ರಲ್ಲಿ ಕಟ್ಟಿಕೊಂಡ ಮೋಟಾರ್ ಇನ್ಶೂರರ್ಸ್ ಬ್ಯೂರೋ ಇದೆ. ವಿಮೆಯಿಲ್ಲದವನು ಗುದ್ದಿದರೂ ಗಾಯಾಳುವಿಗೆ ಅದು ಪರಿಹಾರ ಕೊಡುತ್ತದೆ. ಆ ದುಡ್ಡು ಕೊನೆಗೆ ನಿಮ್ಮಂತೆ ಪ್ರಾಮಾಣಿಕವಾಗಿ ಪ್ರೀಮಿಯಂ ಕಟ್ಟುವವರ ಜೇಬಿನಿಂದಲೇ ಬರುತ್ತದೆ, ಒಪ್ಪುತ್ತೇನೆ. ಆದರೂ ಅಂಥದ್ದೊಂದು ನಮಗೂ ಬೇಕು. ಮಾಲೀಕನ ತಪ್ಪಿಗೆ ಕಾಲು ಮುರಿದುಕೊಂಡವನು ವರ್ಷಗಟ್ಟಲೆ ಅಲೆಯುವುದಕ್ಕಿಂತ ಅದು ವಾಸಿ.

ಈಗ ನಿಮ್ಮ ತಮ್ಮನ ವಿಷಯ. ಗಾಡಿ ಮಾರಿದ್ದೇನೆಂಬ ಮಾತಿಗೆ ಸೋಲಬೇಡಿ. ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿತ್ತೋ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಗಾಡಿ ಇನ್ನೂ ಠಾಣೆಯಲ್ಲಿದೆಯೇ ವಿಚಾರಿಸಿ. ವಿಮೆಯಿಲ್ಲದ ವಾಹನವನ್ನು ಭದ್ರತೆ ಪಡೆಯದೆ ಬಿಡಬಾರದು, ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಎಂದೂ ಅದೇ ವರ್ಷ ನ್ಯಾಯಾಲಯ ರಾಜ್ಯಗಳಿಗೆ ಹೇಳಿತ್ತು. ಹಳೆಯ ಬೈಕಿಗೆ ಎಷ್ಟು ಬಂದೀತು ಎಂಬುದು ಬೇರೆ ಮಾತು. ಹೆಚ್ಚು ಉಪಯೋಗಕ್ಕೆ ಬರುವುದು ಕಾಯ್ದೆಯ 174ನೇ ಕಲಂ. ಅದರಡಿ ಅರ್ಜಿ ಹಾಕಿದರೆ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ವಸೂಲಿ ಪತ್ರ ಕೊಡುತ್ತದೆ, ಆಗ ಪರಿಹಾರದ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಆ ಅರ್ಜಿ ಹಾಕಿದ್ದಾರೆಯೇ ಎಂದು ನಿಮ್ಮ ವಕೀಲರನ್ನು ಈ ವಾರವೇ ಕೇಳಿ. ಮಾಲೀಕನ ಹೆಸರಿನಲ್ಲಿ ಜಮೀನೋ ಮನೆಯೋ ಇದ್ದರೆ ಪಹಣಿ ಅಥವಾ ಖಾತೆಯ ನಕಲು ತೆಗೆಸಿ ಅವರ ಕೈಗೆ ಕೊಡಿ.

– ಸಂ.