ಮಂಗಳೂರಿನ ಮಳೆಗೆ ಕೊಳೆಯದೆ ಉಳಿಯುವ ಬಣ್ಣದ ಹೂಗಿಡಗಳು ಯಾವುವು?

ಮೈಸೂರಿನಿಂದ ಮಂಗಳೂರಿನ ಕಾವೂರಿಗೆ ಬಂದು ಎರಡು ವರ್ಷ ಆಯಿತು, ಗುಲಾಬಿ, ಸೇವಂತಿಗೆ, ಪೆಟೂನಿಯ, ಜೆರೇನಿಯಂ ಎಲ್ಲ ನೆಟ್ಟೆ, ಎರಡು ಸಲವೂ ಜುಲೈ ಮುಗಿಯುವುದರೊಳಗೆ ಕೊಳೆತುಹೋದವು, ನನ್ನ ಕೈಗುಣವೇ ಸರಿ ಇಲ್ಲವಾ ಎಂದು ಕೇಳಿದ್ದೀರಿ. ಕೈಗುಣವನ್ನು ದೂರಬೇಡಿ. ನೀವು ನೆಟ್ಟ ಗಿಡಗಳೂ ಒಳ್ಳೆಯವೇ, ನೆಟ್ಟ ಕೈಯೂ ಒಳ್ಳೆಯದೇ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತಂದದ್ದರಿಂದ ಹೀಗಾಗಿದೆ.

ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಅದು 4,000ದ ಆಸುಪಾಸು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾಲ್ಕು ತಿಂಗಳು ಗಿಡದ ಬೇರು ನೀರಿನಲ್ಲಿ, ಮತ್ತೆ ಐದಾರು ತಿಂಗಳು ಒಣ ಬಿಸಿಲಿನಲ್ಲಿ. ಹಾಗಾಗಿ ನರ್ಸರಿಗೆ ಹೋದಾಗ ‘ಇದಕ್ಕೆ ಎಷ್ಟು ಬಿಸಿಲು ಬೇಕು’ ಎಂದು ಕೇಳುವ ಮೊದಲು ‘ಇದು ಆಟಿ ತಿಂಗಳನ್ನು (ಜುಲೈ–ಆಗಸ್ಟ್‌ನ ಜಡಿಮಳೆಯ ಕಾಲ) ದಾಟುತ್ತದಾ’ ಎಂದು ಕೇಳಿ. ಇಲ್ಲಿ ಹೂತೋಟ ಮಾಡುವವರಿಗೆ ಇದೇ ದೊಡ್ಡ ಪ್ರಶ್ನೆ.

ನನ್ನ ತವರು ಉಡುಪಿ ಹತ್ತಿರದ, ಮಲ್ಲಿಗೆಗೆ ಹೆಸರಾದ ಶಂಕರಪುರ. ಶಾಲೆಗೆ ಹೊರಡುವ ಮುಂಚೆ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುವುದು ನಮ್ಮ ಮನೆಯಲ್ಲಿ ಎಲ್ಲರ ಕೆಲಸ. 800 ಹೂ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟೆಲ್ಲ ಹೂವಿನ ನಡುವೆ ಬೆಳೆದವಳಾದರೂ ಮದುವೆಯಾಗಿ ಮಣಿಪಾಲದ ಹತ್ತಿರ, ಮುರಕಲ್ಲ ಪಾದೆ (ಕೆಂಪು ಜಂಬಿಟ್ಟಿಗೆ ಬಂಡೆ) ಕಡಿದು ಮಟ್ಟ ಮಾಡಿದ ಜಾಗದ ಮನೆಗೆ ಬಂದಾಗ ನಾನು ನೆಟ್ಟ ಮೊದಲ ಆರು ದಾಸವಾಳಗಳಲ್ಲಿ ಐದು ಸತ್ತವು. ಗುಂಡಿ ತೋಡಿ, ಒಳ್ಳೆಯ ಮಣ್ಣು, ಹಟ್ಟಿ ಗೊಬ್ಬರ (ದನದ ಕೊಟ್ಟಿಗೆಯದ್ದು) ತುಂಬಿಯೇ ನೆಟ್ಟಿದ್ದೆ. ಜುಲೈಯಲ್ಲಿ ಎಲೆ ಹಳದಿಯಾಗಿ ಜೋತುಬಿದ್ದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ ನಾತ ಬರುತ್ತಿತ್ತು. ಗಟ್ಟಿ ಮುರಕಲ್ಲಿನಲ್ಲಿ ತೋಡಿದ ಗುಂಡಿ ಎಂದರೆ ಕಲ್ಲಿನ ಬಾನಿಯೇ. ಸುತ್ತಲಿನ ನೀರೆಲ್ಲ ಅದಕ್ಕೆ ಇಳಿಯುತ್ತದೆ, ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಅಮ್ಮ ಬಂದು ನೋಡಿ ಒಂದೇ ಮಾತು ಹೇಳಿದರು: “ನಮ್ಮ ಮಲ್ಲಿಗೆ ಗಿಡದ ಬುಡ ನೋಡಿದ್ದೀಯಲ್ಲ ಮಗಾ, ಯಾವತ್ತಾದರೂ ತಗ್ಗಿನಲ್ಲಿ ಇತ್ತಾ?”

ಕಾವೂರಿನಲ್ಲೂ ಹೆಚ್ಚಿನ ಜಾಗ ಮುರಕಲ್ಲಿನದೇ. ಆದ್ದರಿಂದ ಗುಂಡಿ ಬಿಡಿ, ದಿಣ್ಣೆ ಮಾಡಿ. ಮನೆ ಕಟ್ಟುವಾಗ ಉಳಿದ ಒಡಕು ಮುರಕಲ್ಲು ಸಿಗುತ್ತದೆ, ಅದನ್ನು ಒಂದಡಿ ಎತ್ತರಕ್ಕೆ ಸುತ್ತ ಜೋಡಿಸಿ. ಸಿಮೆಂಟು ಹಾಕಬೇಡಿ, ಸಂದುಗಳಲ್ಲಿ ನೀರು ಹೋಗಲಿ. ಅಡಿಗೆ ಕಲ್ಲಿನ ಚೂರು, ತೆಂಗಿನ ಸಿಪ್ಪೆ. ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಚೆನ್ನಾಗಿ ಹಳತಾದ ಹಟ್ಟಿ ಗೊಬ್ಬರ. ಹೊಯಿಗೆ ಹೊಳೆಯದ್ದಾಗಲಿ, ಸಮುದ್ರದ ದಡದ್ದು ಬೇಡ, ಅದರಲ್ಲಿ ಉಪ್ಪು ಇರುತ್ತದೆ. ಸುಡುಮಣ್ಣು ಸಿಕ್ಕಿದರೆ ಒಂದೆರಡು ಬುಟ್ಟಿ ಸೇರಿಸಿ. ತರಗೆಲೆ, ಒಣ ಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಟ್ಟು ಮಾಡುವ ಈ ಮಣ್ಣು ನಮ್ಮ ಕಡೆಯ ಹಳೆಯ ಗೊಬ್ಬರ. ಇದರ ಬೂದಿಯಲ್ಲಿ ಹೂವಿಗೆ ಬೇಕಾದ ಪೊಟ್ಯಾಷ್ ಉಂಟು, ಮಳೆಗೆ ಹುಳಿಯಾಗುವ ನಮ್ಮ ಮಣ್ಣನ್ನು ಸ್ವಲ್ಪ ಹದಕ್ಕೆ ತರುವ ಗುಣವೂ ಉಂಟು.

ನಿಮ್ಮ ಊರಿನಲ್ಲಿ ಗಿಡದ ಸುತ್ತ ನೀರು ನಿಲ್ಲುವ ಹಾಗೆ ಪಾತಿ ಮಾಡುತ್ತಾರೆ. ಇಲ್ಲಿ ಅದು ಅಕ್ಟೋಬರ್ ಕೊನೆಯಿಂದ ಮೇ ತನಕ ಮಾತ್ರ. ಪತ್ತನಾಜೆ, ಅಂದರೆ ಮೇ ತಿಂಗಳ 24–25ರ ಹೊತ್ತಿಗೆ ಪಾತಿಯ ಒಂದು ಬದಿ ಒಡೆದುಬಿಡಿ, ಬುಡಕ್ಕೆ ಮಣ್ಣು ಏರಿಸಿ. ಮಳೆ ನಿಂತ ಮೇಲೆ ಮತ್ತೆ ಪಾತಿ ಮಾಡಿ, ಒಂದು ಗೇಣು ದಪ್ಪ ತರಗೆಲೆ ಮುಚ್ಚಿ. ವರ್ಷಕ್ಕೆರಡು ಸಲ ಮಾಡುವ ಈ ಒಂದು ಕೆಲಸಕ್ಕೆ ಬರುವ ಫಲ ಯಾವ ಗೊಬ್ಬರಕ್ಕೂ ಬರುವುದಿಲ್ಲ.

ಇನ್ನು ಗಿಡಗಳ ವಿಷಯ. ಅಂಗಳಕ್ಕೆ ಮೊದಲು ಬರಬೇಕಾದ್ದು ಕೇಪಳ (ಇಕ್ಸೋರ). ಇದು ದಕ್ಷಿಣ ಭಾರತದ, ಶ್ರೀಲಂಕೆಯ ನೆಲದ್ದೇ ಗಿಡ, ಹುಳಿ ಮಣ್ಣು ಎಂದರೆ ಇದಕ್ಕೆ ಪ್ರೀತಿ. ಕಾಡಿನ ಕೆಂಪು ಕೇಪಳದ ಜೊತೆಗೆ ಈಗ ಹಳದಿ, ಕಿತ್ತಳೆ, ಗುಲಾಬಿ, ಬಿಳಿ ಎಲ್ಲ ಸಿಗುತ್ತವೆ. ಮಳೆಗೂ ಹೂ, ಬಿಸಿಲಿಗೂ ಹೂ. ಒಂದೇ ಎಚ್ಚರಿಕೆ, ಹೊಸದಾಗಿ ಕಟ್ಟಿದ ಕಂಪೌಂಡ್ ಗೋಡೆಯ ಬುಡದಲ್ಲಿ ನೆಡಬೇಡಿ. ಸಿಮೆಂಟಿನ ಸುಣ್ಣದ ಅಂಶ ಮಣ್ಣಿಗೆ ಇಳಿದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ, ನರ ಮಾತ್ರ ಹಸಿರು ಉಳಿದು ಎಲೆಯೆಲ್ಲ ಹಳದಿಯಾಗುತ್ತದೆ. ರೋಗ ಬಂತೆಂದು ಜನ ಔಷಧಿ ಹೊಡೆಯುತ್ತಾರೆ. ಎರಡು ಅಡಿ ಆಚೆ ನೆಟ್ಟಿದ್ದರೆ ಸಾಕಿತ್ತು.

ಎರಡನೆಯದು ದಾಸವಾಳ. ಹೈಬ್ರಿಡ್ ದಾಸವಾಳದ ಹೂ ತಟ್ಟೆಯಷ್ಟು ದೊಡ್ಡದು, ನೋಡಲಿಕ್ಕೆ ಬಹಳ ಚಂದ, ನಾನೂ ಮೂರು ಇಟ್ಟುಕೊಂಡಿದ್ದೇನೆ, ಆದರೆ ಚಟ್ಟಿಯಲ್ಲಿ (ಕುಂಡದಲ್ಲಿ), ಮಾಡಿನ (ಸೂರಿನ) ಕೆಳಗೆ. ನೆಲಕ್ಕೆ ನಾಡು ದಾಸವಾಳವೇ ಸರಿ. ಐದೆಸಳಿನ ಕೆಂಪು, ಮುದ್ದೆ ಕೆಂಪು, ಗುಲಾಬಿ, ಬಿಳಿ, ಜಾಲರಿಯ ಹಾಗೆ ಎಸಳು ಸೀಳಿ ಕೆಳಗೆ ತೂಗುವ ಜಾತಿ, ಅರಳದೆಯೇ ಮೆಣಸಿನಂತೆ ನಿಲ್ಲುವ ಮೆಣಸಿನ ದಾಸವಾಳ. ಇವಕ್ಕೆ ದುಡ್ಡು ಕೊಡುವುದೇ ಬೇಡ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಯಾರ ಮನೆಯಲ್ಲಿ ಚಂದದ ಗಿಡ ಉಂಟೋ ಅವರಲ್ಲಿ ಒಂದು ಗೆಲ್ಲು (ರೆಂಬೆ) ಕೇಳಿ, ಇಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಪೆನ್ಸಿಲ್ ದಪ್ಪದ, ಒಂದು ಗೇಣಿನಷ್ಟು ಉದ್ದದ ಗೆಲ್ಲನ್ನು ಗಂಟಿನ ಕೆಳಗೆ ಓರೆಯಾಗಿ ಕಡಿದು, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ನೀರು ಹೊಡೆಯದ ಕಡೆ ಊರಿ. ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ ಇದು, ಹಾಗಾಗಿ ಕತ್ತರಿಸಲಿಕ್ಕೆ ಹೆದರಬೇಡಿ. ಕತ್ತರಿಸಿದ ಎಲೆಯನ್ನು ಕಿವುಚಿ ಗೊಂಪು (ಲೋಳೆ) ಮಾಡಿ ತಲೆಗೆ ಹಚ್ಚಿ, ಶಾಂಪೂ ಮರೆಯುತ್ತೀರಿ.

ನೆರಳು ಇರುವ ಬದಿಗೆ ಅಬ್ಬಲಿಗೆ ಹಾಕಿ (ನಿಮ್ಮ ಕಡೆ ಕನಕಾಂಬರ). ಅದರ ಒಣಗಿದ ಬೀಜಕೋಶಕ್ಕೆ ನೀರು ತಾಗಿದರೆ ಪಟ್ಟೆಂದು ಸಿಡಿದು ಬೀಜ ದೂರ ಹಾರುತ್ತದೆ, ಮಕ್ಕಳಿಗೆ ಅದೇ ಆಟ. ಮಾಡಿನ ನೀರು ಬಿದ್ದು ಯಾವಾಗಲೂ ಹಸಿಯಾಗಿರುವ ಮೂಲೆ ಇದ್ದರೆ ಅಲ್ಲಿ ಸುಗಂಧಿ (ಜಿಂಜರ್ ಲಿಲ್ಲಿ), ಕಾಬಾಳೆ (ಕ್ಯಾನಾ), ಹೆಲಿಕೋನಿಯ ನೆಡಿ, ಅವಕ್ಕೆ ನೀರೇ ಬೇಕು. ನಂದಿಬಟ್ಟಲು, ರತ್ನಗಂಧಿಗೆ ಹೆಚ್ಚು ಆರೈಕೆ ಬೇಡ. ಕಣಗಿಲೆಯೂ ಸುಲಭ, ಆದರೆ ಗಿಡವೆಲ್ಲ ವಿಷ, ಸಣ್ಣ ಮಕ್ಕಳಿದ್ದರೆ ಬಿಟ್ಟುಬಿಡಿ.

ಮಳೆಗಾಲದ ಬಣ್ಣದ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು, ನಾನು ಇದನ್ನು ಕಲಿತದ್ದಕ್ಕೆ ಒಂದು ಕಾರಣ ಉಂಟು. ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಕಡೆಯ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಹಾಕುತ್ತಾರೆ, ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ನಾವು ಈ ಮನೆಗೆ ಬಂದ ವರ್ಷ ಪಕ್ಕದ ಮನೆ ಬಾಯಮ್ಮನ ಎರಡು ಮೊಮ್ಮಕ್ಕಳು ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತು “ಆಂಟಿ, ಹೂ ಉಂಟಾ?” ಎಂದು ಕೇಳಿದವು. ಅಂಗಳದಲ್ಲಿ ಒಂದೇ ಒಂದು ಹೂ ಇರಲಿಲ್ಲ. ಶಂಕರಪುರದವಳ ಅಂಗಳದಿಂದ ಮಕ್ಕಳು ಖಾಲಿ ಬುಟ್ಟಿಯಲ್ಲಿ ಹೋದದ್ದು ನನಗೆ ತುಂಬಾ ಬೇಸರವಾಯಿತು. ಮರುವರ್ಷದಿಂದ ಆಗಸ್ಟ್ 30ಕ್ಕೆ ಹೂ ಇರಬೇಕು ಎಂದು ಹಿಂದಕ್ಕೆ ದಿನ ಎಣಿಸಿ ಬಿತ್ತಲಿಕ್ಕೆ ಶುರು ಮಾಡಿದೆ. ಚೌತಿಯೂ ಅದೇ ಹೊತ್ತಿಗೆ ಬರುವುದರಿಂದ ನಮ್ಮ ಮನೆಯ ಗಣಪತಿಗೂ ಹೂ ಆಯಿತು.

ಕರ್ಣಕುಂಡಲ (ಬಾಲ್ಸಮ್) ಬಿತ್ತಿದ ಎರಡು ತಿಂಗಳಿಗೆ ಹೂ ಬಿಡುತ್ತದೆ. ಹಾಗಾಗಿ ಜೂನ್ ಮೂರನೆಯ ವಾರ ಬಿತ್ತಬೇಕು. ನೇರ ನೆಲಕ್ಕೆ ಹಾಕಿದರೆ ಒಂದೇ ಜಡಿಮಳೆಗೆ ಬೀಜ ಕೊಚ್ಚಿಹೋಗುತ್ತದೆ. ಜಗಲಿಯಲ್ಲಿ ಹಳೆಯ ಟ್ರೇಯಲ್ಲಿ ಸಸಿ ಮಾಡಿ, ನಾಲ್ಕೈದು ಎಲೆ ಬಂದ ಮೇಲೆ ದಿಣ್ಣೆಗೆ ಸಾಗಿಸಿ, ಗಿಡದಿಂದ ಗಿಡಕ್ಕೆ ಒಂದಡಿ. ನೇರಳೆ, ಗುಲಾಬಿ, ಕೆಂಪು, ಬಿಳಿ, ಎರಡು ಬಣ್ಣದ್ದು, ಒಂದು ಸಾಲು ಹಾಕಿದರೂ ಅಂಗಳಕ್ಕೆ ಕಳೆ ಬರುತ್ತದೆ. ಬೀಜ ತಾನಾಗಿ ಉದುರಿ ಮುಂದಿನ ವರ್ಷ ಅಲ್ಲೇ ಹುಟ್ಟುತ್ತದೆ. ಜೀನಿಯಾ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ, ಆದರೆ ಎಲೆ ಸದಾ ಒದ್ದೆಯಾದರೆ ಚುಕ್ಕೆ ಬೀಳುತ್ತದೆ, ಅದನ್ನು ಒಂದೂವರೆ ಅಡಿ ದೂರ ದೂರ, ಗಾಳಿಯಾಡುವ ಕಡೆ ಹಾಕಿ. ಗೊಂಡೆಯನ್ನು (ಚೆಂಡು ಹೂ) ಆ ಮಳೆಯಲ್ಲಿ ಮಾಡಲಿಕ್ಕೆ ಹೋಗಬೇಡಿ, ಹೂ ನೀರು ಕುಡಿದು ಭಾರವಾಗಿ ಗಿಡವೇ ಮಲಗುತ್ತದೆ. ಆಗಸ್ಟ್‌ನಲ್ಲಿ ಸಸಿ ಮಾಡಿ, ದೀಪಾವಳಿಗೆ ಸಿಗುತ್ತದೆ. ಗಡ್ಡೆಗಳಲ್ಲಿ ಮಳೆ ಲಿಲ್ಲಿ, ಚೆಂಡಿನ ಹಾಗೆ ಕೆಂಪಾಗಿ ಅರಳುವ ಮೇ ಫ್ಲವರ್, ಎಲೆಯೇ ಹೂವಿನಂತಿರುವ ಕ್ಯಾಲಾಡಿಯಂ. ಇವು ಬೇಸಿಗೆಯಲ್ಲಿ ಮಣ್ಣಿನೊಳಗೆ ನಿದ್ದೆ ಮಾಡಿ ಮೊದಲ ಮಳೆಗೆ ಎದ್ದು ಬರುತ್ತವೆ. ಒಮ್ಮೆ ಹಾಕಿ ಮರೆತರೂ ಆಗುತ್ತದೆ, ಆದರೆ ಹಾಕಿದ ಜಾಗಕ್ಕೆ ಕಡ್ಡಿ ಊರಿ ಗುರುತು ಮಾಡಿ. ನಾನು ಪಿಕ್ಕಾಸಿನಲ್ಲಿ ಎಷ್ಟೋ ಗಡ್ಡೆಗಳನ್ನು ತುಂಡು ಮಾಡಿದ್ದೇನೆ.

ಮಳೆಗಾಲದ ನಿಜವಾದ ಶತ್ರು ಬಸವನಹುಳು. ಒಂದೇ ರಾತ್ರಿಗೆ ಒಂದು ಸಾಲು ಸಸಿ ಖಾಲಿ ಮಾಡುತ್ತದೆ. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲಿ ಗುಂಪಾಗಿ ಸಿಗುತ್ತವೆ, ಕೈಗೆ ಪ್ಲಾಸ್ಟಿಕ್ ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ. ಗಿಡದ ಬುಡಕ್ಕೆ ಉಪ್ಪು ಹಾಕಬೇಡಿ, ಗಿಡವೂ ಹೋಗುತ್ತದೆ. ಎಲೆಚುಕ್ಕೆ, ಕೊಳೆತಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವೇ ಸಾಕು. ತೋಟಕ್ಕೆ 100 ಲೀಟರ್ ನೀರಿಗೆ ಒಂದೊಂದು ಕೆಜಿ ಮೈಲುತುತ್ತು, ಸುಣ್ಣ ಎನ್ನುವ ಲೆಕ್ಕ, ನಿಮಗೆ ಒಂದು ಲೀಟರಿಗೆ ಹತ್ತು ಹತ್ತು ಗ್ರಾಂ. ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸಿ, ಅದೇ ದಿನ ಮುಗಿಸಿ. ಮಳೆ ಬಿಟ್ಟು ಎಲೆ ಒಣಗಿದ ಹೊತ್ತು ನೋಡಿ ಹೊಡೆಯಬೇಕು. ಹಿಟ್ಟು ತಿಗಣೆ ಬೇಸಿಗೆಯ ಕಾಟ. ಪೈಪಿನ ನೀರು ಜೋರಾಗಿ ಬಿಡಿ, ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸಾಬೂನು ನೀರು ಸೇರಿಸಿ ಸಂಜೆ ಸಿಂಪಡಿಸಿ. ಚಟ್ಟಿಯ ಅಡಿಗಿಡುವ ತಟ್ಟೆಗಳನ್ನು ಮಳೆಗಾಲ ಪೂರ್ತಿ ತೆಗೆದಿಡಿ, ಸೊಳ್ಳೆಗೆ ಅಷ್ಟು ನೀರು ಸಾಕು. ಗೊಬ್ಬರವನ್ನು ಜೂನ್, ಜುಲೈಯಲ್ಲಿ ಸುರಿಯಬೇಡಿ, ಎಲ್ಲ ಚರಂಡಿಗೆ ಹೋಗುತ್ತದೆ. ಸೆಪ್ಟೆಂಬರ್ ಮೇಲೆ ಹಿಂಡಿ ನೆನೆಸಿದ ನೀರನ್ನು ಹದಿನೈದು ದಿನಕ್ಕೊಮ್ಮೆ ತೆಳ್ಳಗೆ ಮಾಡಿ ಕೊಡಿ. ಬೂತಾಯಿ ಮೀನು ತೊಳೆದ ನೀರನ್ನೂ ನಾವು ಹಾಕುತ್ತೇವೆ, ಗುಲಾಬಿಗೆ ಅದು ಬಹಳ ಒಳ್ಳೆಯದು.

ಗುಲಾಬಿಯ ಆಸೆ ಬಿಡಬೇಕಾಗಿಲ್ಲ. ಚಟ್ಟಿಯಲ್ಲಿ ಇಟ್ಟು, ಜೂನ್‌ನಲ್ಲಿ ಮಾಡಿನ ಕೆಳಗೆ ಸರಿಸಿ, ಅಲ್ಲಿ ಹೂ ಕೇಳಬೇಡಿ, ಬದುಕಿದರೆ ಸಾಕು. ಅಕ್ಟೋಬರ್‌ನಲ್ಲಿ ಕತ್ತರಿಸಿ ಬಿಸಿಲಿಗೆ ತಂದರೆ ಒಂದೂವರೆ ತಿಂಗಳಲ್ಲಿ ಹೂ. ಕಾಗದದ ಹೂವಿನ ಕಾಲವೂ ಆಗಲೇ ಶುರು. ಅದರ ಬಣ್ಣದ ಭಾಗ ಹೂವಲ್ಲ, ಎಲೆ. ಒಳಗಿನ ಸಣ್ಣ ಬಿಳಿ ನಳಿಗೆಯೇ ಹೂ. ಡಿಸೆಂಬರ್‌ನಿಂದ ನೀರು ಕಡಿಮೆ ಮಾಡಿ, ಬಾಡುವ ತನಕ ಕಾಯಿಸಿ ಕೊಟ್ಟರೆ ಎಲೆ ಕಾಣದಷ್ಟು ಬಣ್ಣ ತುಂಬುತ್ತದೆ. ಪೆಟೂನಿಯ, ಸೇವಂತಿಗೆಗಳನ್ನು ನವೆಂಬರ್‌ನಲ್ಲಿ ತಂದು ಫೆಬ್ರವರಿ ತನಕ ನೋಡಿ ಸಂತೋಷಪಡಿ, ಅವುಗಳಿಗೆ ಇಲ್ಲಿ ಅಷ್ಟೇ ಆಯುಸ್ಸು. ಗಣರಾಜ್ಯೋತ್ಸವದ ಹೊತ್ತಿಗೆ ಕದ್ರಿ ಪಾರ್ಕಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಹೂಗಳನ್ನು ಕಂಡು ನಾನು ಎಷ್ಟೋ ಸಲ ಮರುಳಾಗಿ ಸಸಿ ತಂದಿದ್ದೇನೆ. ಅವು ಚಳಿಗಾಲದ ಹೂಗಳು ಎನ್ನುವುದು ನೆನಪಿರಲಿ.

ಬಾಡಿಗೆ ಮನೆ ಎಂದು ಬರೆದಿದ್ದೀರಿ. ಹಾಗಾದರೆ ಈ ವರ್ಷ ಒಂದೇ ದಿಣ್ಣೆ ಮಾಡಿ, ಎಂಟು ಅಡಿ ಉದ್ದ, ಮೂರು ಅಡಿ ಅಗಲ. ಹಿಂದೆ ಎರಡು ದಾಸವಾಳ, ನಡುವೆ ಕೇಪಳ, ಮುಂದೆ ಕರ್ಣಕುಂಡಲ. ಮನೆ ಬಿಡುವಾಗ ಪ್ರತಿಯೊಂದರ ಗೆಲ್ಲು, ಬೀಜ ಜೊತೆಗೆ ಹೋಗುತ್ತದೆ. ಕರ್ಣಕುಂಡಲದ ಬೀಜ ನನ್ನಲ್ಲಿ ಐದು ಬಣ್ಣದ್ದು ಉಂಟು, ಕಾಗದದಲ್ಲಿ ಕಟ್ಟಿ ಹೆಸರು ಬರೆದು ಇಟ್ಟಿದ್ದೇನೆ. ಬೇಕಾದರೆ ಹೇಳಿ, ಜೂನ್ ಮೂರನೆಯ ವಾರದ ಮೊದಲು ತಲುಪುವ ಹಾಗೆ ಕಳಿಸುತ್ತೇನೆ.