ವಾರಂಟ್ ಹೊರಟ ಮೇಲಿನ ಕಥೆ ಬರೆಯಿರಿ

ಗದಗಿನ ವಕೀಲ ಮಿತ್ರರಿಗೆ,

ನಮಸ್ಕಾರ. ಯುದ್ಧಾಪರಾಧಗಳ ವಿಚಾರಣೆ ಕುರಿತು ನೀವು ಧಾರವಾಡದ ನಮ್ಮ ಕಚೇರಿಗೆ ಕಳುಹಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಒಂದು ಸಾಲಿನ ವಿಷಾದ ತಿಳಿಸಿ ಮುಗಿಸಬಹುದಿತ್ತು. ಆದರೆ ಕೊನೆಯ ಭಾಗದಲ್ಲಿ ಜರ್ಮನಿಯ ಕೊಬ್ಲೆಂಜ್ ನ್ಯಾಯಾಲಯದ ಬಗ್ಗೆ ಆರು ಸಾಲು ಬರೆದಿದ್ದೀರಲ್ಲ, ಅದಕ್ಕಾಗಿ ಈ ಉದ್ದನೆಯ ಉತ್ತರ.

ಮೊದಲ ಮೂರು ಪುಟ ಕುರುಕ್ಷೇತ್ರ. ವೀರನಾರಾಯಣನ ಊರಿನವರಿಗೆ ಭಾರತ ಕಥೆ ಬಿಟ್ಟು ಲೇಖನಿ ಓಡುವುದು ಕಷ್ಟ, ಬಲ್ಲೆ. ಆದರೂ ಸೂರ್ಯಾಸ್ತದ ನಂತರ ಯುದ್ಧ ಮಾಡಬಾರದೆಂಬ ನಿಯಮದಿಂದ ನೀವು ನೇರವಾಗಿ ಅಂತರರಾಷ್ಟ್ರೀಯ ನ್ಯಾಯಾಲಯಗಳಿರುವ ಹೇಗ್ ನಗರಕ್ಕೆ ಜಿಗಿದಿದ್ದೀರಿ. 'ಮೇಲಿನವರ ಆಜ್ಞೆ ಪಾಲಿಸಿದೆ' ಎಂಬ ಸಮರ್ಥನೆಯನ್ನು ತಳ್ಳಿಹಾಕಿದ, ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಗೆ ಒಂದು ಸಾಲೂ ದಕ್ಕಿಲ್ಲ. ಆ ಮೂರು ಪುಟ ತೆಗೆದುಬಿಡಿ.

ಇನ್ನು ತಪ್ಪುಗಳು. ನೀವು ಎರಡು ನ್ಯಾಯಾಲಯಗಳನ್ನು ಒಂದೇ ಮಾಡಿದ್ದೀರಿ. ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್‌ನಲ್ಲಿ ಇಸ್ರೇಲ್ ವಿರುದ್ಧ ಹೂಡಿದ ದಾವೆ ಅಂತರರಾಷ್ಟ್ರೀಯ ನ್ಯಾಯಾಲಯದ್ದು. ಅಲ್ಲಿ ದೇಶವೊಂದು ಇನ್ನೊಂದು ದೇಶದ ಮೇಲೆ ದೂರು ಒಯ್ಯುತ್ತದೆ, ಯಾರೂ ಜೈಲಿಗೆ ಹೋಗುವುದಿಲ್ಲ. 2024ರ ನವೆಂಬರ್‌ನಲ್ಲಿ ಇಸ್ರೇಲ್‌ನ ನೆತನ್ಯಾಹು, ಅಲ್ಲಿನ ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಹಾಗೂ ಹಮಾಸ್‌ನ ಮೊಹಮ್ಮದ್ ದೈಫ್ ವಿರುದ್ಧ ವಾರಂಟ್ ಹೊರಡಿಸಿದ್ದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. 2002ರಲ್ಲಿ ಜಾರಿಗೆ ಬಂದ ರೋಮ್ ಶಾಸನದಿಂದ ಹುಟ್ಟಿದ ಅದರ ಕಟಕಟೆಯಲ್ಲಿ ನಿಲ್ಲುವುದು ವ್ಯಕ್ತಿ. ಸಿವಿಲ್ ದಾವೆಯನ್ನೂ ಕ್ರಿಮಿನಲ್ ಕೇಸನ್ನೂ ಒಂದೇ ಕಡತದಲ್ಲಿ ಕಟ್ಟಿಟ್ಟರೆ ನಿಮ್ಮ ಹಿರಿಯ ವಕೀಲರು ಸುಮ್ಮನಿರುತ್ತಾರೆಯೇ?

ಭಾರತ ರೋಮ್ ಶಾಸನಕ್ಕೆ ಸಹಿ ಹಾಕಿದೆ ಎಂದು ಬರೆದಿದ್ದೀರಿ. ಹಾಕಿಲ್ಲ. 1998ರಲ್ಲಿ ಮತದಾನದಿಂದಲೇ ದೂರ ಉಳಿಯಿತು. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರ, ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಯಿಂದ ಬಿಟ್ಟದ್ದು ಭಾರತದ ಆಕ್ಷೇಪಗಳಲ್ಲಿ ಸೇರಿದ್ದವು. ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆಯ ಪ್ರಕರಣವನ್ನು ಯುದ್ಧಾಪರಾಧ ಎಂದಿದ್ದೀರಿ. ಆರೋಪವಿರುವುದು ಮಾದಕವಸ್ತು ವಿರೋಧಿ ಕಾರ್ಯಾಚರಣೆಯ ಹತ್ಯೆಗಳ ಬಗ್ಗೆ, ಮಾನವತೆಯ ವಿರುದ್ಧದ ಅಪರಾಧವೆಂದು. ಅದಕ್ಕೆ ಯುದ್ಧ ನಡೆದಿರಬೇಕಾಗಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ತರಿಸಿದ್ದು ಬೇರೆ. ಪುಟಿನ್ ಅವರಿಂದ ಹಿಡಿದು ವಾರಂಟ್ ಇರುವ ಎಲ್ಲರನ್ನೂ 'ಅಪರಾಧಿ' ಎಂದು ಕರೆಯುತ್ತಾ ಹೋಗಿದ್ದೀರಿ. ಅಪರಾಧ ನಡೆದಿದೆ ಎಂದು ನಂಬಲು ಸಕಾರಣವಿದ್ದರೆ ವಾರಂಟ್ ಹೊರಡುತ್ತದೆ. ದೋಷಿ ಎನ್ನಲು ಬೇಕಾದ ಪುರಾವೆಯ ಮಟ್ಟವೇ ಬೇರೆ. ಗದಗಿನ ಕೋರ್ಟಿನಲ್ಲಿ ನಿಮ್ಮ ಕಕ್ಷಿದಾರನನ್ನು ಯಾರಾದರೂ ಆ ಹಂತದಲ್ಲಿ ಹಾಗೆ ಕರೆದರೆ ನೀವು ಎದ್ದು ಆಕ್ಷೇಪಿಸುವುದಿಲ್ಲವೇ? ಪತ್ರಕರ್ತ ಹೀಗೆ ಬರೆದರೆ ತಿದ್ದಿ ಹಾಕುತ್ತೇನೆ, ವಕೀಲ ಬರೆದರೆ ಲೇಖನವನ್ನೇ ಮರಳಿಸುತ್ತೇನೆ.

ಈಗ ಕೊಬ್ಲೆಂಜ್. ನಿಮ್ಮ ಲೇಖನ ಅಲ್ಲಿಂದಲೇ ಆರಂಭವಾಗಬೇಕಿತ್ತು. ಸಿರಿಯಾ ರೋಮ್ ಶಾಸನದ ಸದಸ್ಯ ದೇಶವಾಗಿರಲಿಲ್ಲ. ಅಲ್ಲಿನ ಪ್ರಕರಣವನ್ನು ಹೇಗ್‌ನ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸುವ ಭದ್ರತಾ ಮಂಡಳಿಯ ನಿರ್ಣಯಕ್ಕೆ 2014ರಲ್ಲಿ ರಷ್ಯಾ ಮತ್ತು ಚೀನಾ ವೀಟೋ ಹಾಕಿದವು. ಬಾಗಿಲು ಮುಚ್ಚಿತೆಂದೇ ಎಲ್ಲರೂ ಅಂದುಕೊಂಡರು. ಅದೇ ವರ್ಷ ಡಮಾಸ್ಕಸ್‌ನ ಗುಪ್ತಚರ ಶಾಖೆಯೊಂದರಲ್ಲಿ ತನಿಖಾ ವಿಭಾಗದ ಮುಖ್ಯಸ್ಥನಾಗಿದ್ದ ಕರ್ನಲ್ ಅನ್ವರ್ ರಸ್ಲಾನ್ ಆಶ್ರಯ ಕೋರಿ ಜರ್ಮನಿಗೆ ಬಂದ. ಆ ಶಾಖೆಯ ನೆಲಮಾಳಿಗೆಯಲ್ಲಿ ಹಿಂಸೆ ಉಂಡವರೂ ಅಷ್ಟರಲ್ಲಿ ನಿರಾಶ್ರಿತರಾಗಿ ಅದೇ ದೇಶ ಸೇರುತ್ತಿದ್ದರು. ಅಪರಾಧ ಎಲ್ಲೇ ನಡೆದಿರಲಿ, ಯಾರ ಮೇಲೇ ನಡೆದಿರಲಿ, ವಿಚಾರಣೆ ನಡೆಸಲು ಜರ್ಮನಿಯ 2002ರ ಕಾನೂನಿನಲ್ಲಿ ಅವಕಾಶವಿತ್ತು. ಶವ ಹೂಳುವ ಕೆಲಸದಲ್ಲಿದ್ದವನೊಬ್ಬ ಸಾಕ್ಷಿ ಹೇಳಿದ. ಸೇನೆಯ ಛಾಯಾಗ್ರಾಹಕನೊಬ್ಬ ದೇಶದಿಂದ ಗುಟ್ಟಾಗಿ ಸಾಗಿಸಿದ್ದ ಶವಗಳ ಚಿತ್ರಗಳು ಪುರಾವೆಯಾದವು. 2022ರ ಜನವರಿ 13ರಂದು 27 ಕೊಲೆಗಳನ್ನೂ ಒಳಗೊಂಡ ಪ್ರಕರಣದಲ್ಲಿ ರಸ್ಲಾನ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಮೇಜಿನ ಹಿಂದೆ ಕೂತ ಅಧಿಕಾರಿಯ ಕೊರಳಿಗೆ ನೆಲಮಾಳಿಗೆಯ ಸಾವುಗಳನ್ನು ಹೇಗೆ ಕಟ್ಟಿದರು? ಓದುಗನಿಗೆ ಬೇಕಾದದ್ದು ಇದು. ನೀವು ಆರು ಸಾಲಿನಲ್ಲಿ ಮುಗಿಸಿ ಮತ್ತೆ 'ಮಾನವೀಯತೆ ಎಲ್ಲಿದೆ?' ಎಂದು ಕೇಳತೊಡಗಿದಿರಿ. ಪಂಚನಾಮೆ, ಪಾಟೀಸವಾಲು, ಪ್ರತಿಕೂಲ ಸಾಕ್ಷಿ ಎಲ್ಲವನ್ನೂ ಕಂಡಿರುವ ನೀವು ಆ ವಿಚಾರಣೆಯನ್ನು ಕಟಕಟೆಯ ಹತ್ತಿರ ನಿಂತವರಂತೆ ವಿವರಿಸಬಲ್ಲಿರಿ.

ವಿಡಿಯೊ ಸಾಕ್ಷ್ಯದ ವಿಷಯವೂ ನಿಮ್ಮದೇ ಹೊಲ. 2017ರಲ್ಲಿ ಲಿಬಿಯಾದ ಕಮಾಂಡರ್ ಅಲ್ ವರ್ಫಲ್ಲಿ ವಿರುದ್ಧದ ವಾರಂಟ್‌ಗೆ ಸಾಮಾಜಿಕ ಜಾಲತಾಣಕ್ಕೆ ಏರಿಸಿದ್ದ ವಿಡಿಯೊಗಳು ಮುಖ್ಯ ಆಧಾರವಾದವು. ಅವನನ್ನು ಯಾರೂ ಒಪ್ಪಿಸಲಿಲ್ಲ. 2021ರಲ್ಲಿ ಬೆಂಗಾಜಿಯಲ್ಲಿ ಕೊಲೆಯಾದ. ಇಂಥ ಪುರಾವೆಯನ್ನು ಸಂಗ್ರಹಿಸಿ ಕಾಪಾಡುವ ಕ್ರಮಕ್ಕೆ 2020ರಿಂದ ಬರ್ಕ್ಲಿ ಪ್ರೋಟೊಕಾಲ್ ಎಂಬ ಮಾರ್ಗಸೂಚಿಯಿದೆ. ಡಿಜಿಟಲ್ ಪುರಾವೆಗೆ ಬೇಕಾದ, ಸಾಕ್ಷ್ಯ ಕಾನೂನಿನ ಹಿಂದಿನ 65ಬಿ, ಈಗಿನ 63ನೇ ಕಲಮಿನ ಪ್ರಮಾಣಪತ್ರಕ್ಕಾಗಿ ದಿನವೂ ಪರದಾಡುವ ನಿಮಗೆ ಇದರ ತೊಡಕು ನನಗಿಂತ ಚೆನ್ನಾಗಿ ಗೊತ್ತು.

ಭಾರತದ ಮಾತು ಬರಲೇಬೇಕೆಂದಿದ್ದರೆ ಭಾವುಕ ಪ್ಯಾರಾ ಬೇಡ. 1984ರ ಸಿಖ್ಖರ ಹತ್ಯೆಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಮಾಜಿ ಸಂಸದ ಸಜ್ಜನ್ ಕುಮಾರ್ ವಿರುದ್ಧ ಕೊಟ್ಟ ತೀರ್ಪು ಓದಿ. ಮಾನವತೆಯ ವಿರುದ್ಧದ ಅಪರಾಧವಾಗಲಿ ನರಮೇಧವಾಗಲಿ ನಮ್ಮ ಅಪರಾಧ ಕಾನೂನಿನಲ್ಲಿ ಸೇರಿಲ್ಲ ಎಂದು ನ್ಯಾಯಾಲಯವೇ ಅಲ್ಲಿ ಹೇಳಿದೆ. ನರಮೇಧ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 1959ರಲ್ಲಿ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಕೊಬ್ಲೆಂಜ್ ಒಂದನ್ನೇ ಹಿಡಿದು 1,500 ಪದಗಳಲ್ಲಿ ಮತ್ತೆ ಬರೆಯಿರಿ. ಉಕ್ರೇನ್ ವಿರುದ್ಧದ ಆಕ್ರಮಣದ ವಿಚಾರಣೆಗೆಂದು ಯುರೋಪ್ ಮಂಡಳಿ 2025ರಲ್ಲಿ ಒಪ್ಪಂದ ಮಾಡಿಕೊಂಡ ವಿಶೇಷ ನ್ಯಾಯಮಂಡಳಿ ಇನ್ನೊಂದು ಲೇಖನಕ್ಕಿರಲಿ, ಇದರಲ್ಲಿ ತುರುಕಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳುಹಿಸಿ. ಕಳೆದ ಸಲದಂತೆ ಪುಟಗಳ ಮೊಬೈಲ್ ಫೋಟೊ ಬಂದರೆ ಓದುವುದಿಲ್ಲ.

ಸಂಪಾದಕ