ಪತ್ರಿಕೋದ್ಯಮದಲ್ಲಿ ನಾಲ್ಕನೇ ವರ್ಷದ ಆನರ್ಸ್ ಓದಬೇಕೇ, ಮೂರಕ್ಕೇ ಮುಗಿಸಬೇಕೇ?

ಬಿ.ಎ. ಪತ್ರಿಕೋದ್ಯಮದ ಆರನೇ ಸೆಮಿಸ್ಟರ್‌ನಲ್ಲಿದ್ದೇನೆ, ಆನರ್ಸ್‌ಗಾಗಿ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿಯಲೇ, ಪದವಿ ಹಿಡಿದು ಪತ್ರಿಕೆಯೊಂದನ್ನು ಸೇರಲೇ ಎಂದು ಕೇಳಿದ್ದೀರಿ. ನಾನು 2021ರಲ್ಲಿ ಸೇರಿದವನು, ಅಂದರೆ ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿ ಬಂದಾಗಿನ ಮೊದಲ ಬ್ಯಾಚ್. ಮೂರನೇ ವರ್ಷ ಮುಗಿದಾಗ ತರಗತಿಯ ಬಹುಪಾಲು ಜನ ಹೊರಟುಹೋದರು. ನಾಲ್ಕನೆಯದಕ್ಕೆ ಉಳಿದವರು ಆರೇ ಮಂದಿ, ಅವರಲ್ಲಿ ನಾನೊಬ್ಬ. ಈಗ ಕನ್ನಡ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿ, ಅಂದರೆ ಸುದ್ದಿ ತಿದ್ದುವ ವಿಭಾಗದಲ್ಲಿ, ಉಪಸಂಪಾದಕ.

ಕೆಲಸಕ್ಕಾಗಿಯೇ ಆನರ್ಸ್ ಬೇಕು ಎಂದುಕೊಂಡಿದ್ದರೆ ಆ ಲೆಕ್ಕವನ್ನು ಬಿಟ್ಟುಬಿಡಿ. ನನ್ನ ಸಂದರ್ಶನದಲ್ಲಿ ಆ ಮಾತೇ ಬರಲಿಲ್ಲ. ಒಂದು ಇಂಗ್ಲಿಷ್ ಸುದ್ದಿ ಕೈಗಿತ್ತು, ಮುಕ್ಕಾಲು ಗಂಟೆಯಲ್ಲಿ ಕನ್ನಡಕ್ಕೆ ತಂದು ಶೀರ್ಷಿಕೆ ಕೊಡಿ ಎಂದರು. ಸುದ್ದಿಯ ನಡುವೆ 45 ಮಿಲಿಯನ್ ಎಂದಿತ್ತು. ಅದನ್ನು 45 ಲಕ್ಷ ಎಂದು ಬರೆದವರು ಅಲ್ಲಿಂದಲೇ ಮನೆಗೆ ಹೋದರು. ನಾನು 4.5 ಕೋಟಿ ಎಂದು ಬರೆದು ಉಳಿದುಕೊಂಡೆ. ಅದನ್ನು ಕಲಿಸಿದ್ದು ಆನರ್ಸ್ ಅಲ್ಲ, ಹೈಸ್ಕೂಲಿನ ಗಣಿತದ ಮೇಷ್ಟ್ರು.

ಮುಂದೆ ಓದುವ, ಪಾಠ ಹೇಳುವ ಮನಸ್ಸಿದ್ದರೆ ಮಾತು ಬೇರೆ. ನಾಲ್ಕು ವರ್ಷ ಮುಗಿಸಿದವರಿಗೆ ಎಂ.ಎ. ಒಂದೇ ವರ್ಷಕ್ಕೆ ಮುಗಿಯುವ ಅವಕಾಶವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ಚೌಕಟ್ಟಿನಲ್ಲಿ ಇಟ್ಟಿದೆ. ಶೇ 75 ಅಂಕವಿದ್ದರೆ ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೂ ಅರ್ಹತೆ ಸಿಗುತ್ತದೆ, ಮೀಸಲಾತಿ ವರ್ಗದವರಿಗೆ ಶೇ 5ರಷ್ಟು ರಿಯಾಯಿತಿ ಇದೆ. ಆದರೆ ಚೌಕಟ್ಟಿನಲ್ಲಿ ಇರುವುದೆಲ್ಲ ನಿಮ್ಮ ವಿಶ್ವವಿದ್ಯಾಲಯದಲ್ಲಿ ಇರಬೇಕೆಂದಿಲ್ಲ. ಒಂದು ವರ್ಷದ ಎಂ.ಎ. ನಡೆಸುತ್ತೀರಾ ಎಂದು ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಕೇಳಿ. ಇನ್ನೊಂದು ಮಾತು: 2024–25ರಿಂದ ರಾಜ್ಯ ಸರ್ಕಾರ ಹೊಸಬರಿಗೆ ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿದೆ. ನೀವು 2023ರಲ್ಲಿ ಸೇರಿದವರಾದರೆ ಈ ಸಾಲಿನಲ್ಲಿ ಕೊನೆಯವರು. ಜಾತ್ರೆ ಮುಗಿದ ಮೇಲೆ ಉಳಿದ ಅಂಗಡಿಯಂತೆ, ನಿಮ್ಮೊಬ್ಬರಿಗಾಗಿ ಪಾಠ ಮಾಡುವ ಉಮೇದು ವಿಭಾಗದಲ್ಲಿ ಎಷ್ಟಿದೆ ಎಂದೂ ನೋಡಿಕೊಳ್ಳಿ.

ಹಾಗಾದರೆ ನಾನೇಕೆ ಉಳಿದೆ? ನಿಜ ಹೇಳಬೇಕೆಂದರೆ ಮನೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದಕ್ಕೆ ಅಂಜಿ. ಉಳಿದದ್ದು ದಂಡವಾಗಲಿಲ್ಲ, ಅದಕ್ಕೆ ಕಾರಣ ಆ ವರ್ಷ ಮಾಡಿದ ಸಂಶೋಧನಾ ಯೋಜನೆ. ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆಯಲ್ಲಿ ಕನ್ನಡದ ಮೊದಲ ಪತ್ರಿಕೆ 1843ರ ‘ಮಂಗಳೂರ ಸಮಾಚಾರ’, ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಎಂದು ಭಾಷಣ ಕೇಳಿ ಕೇಳಿ ಬೇಸತ್ತಿದ್ದ ನಮ್ಮ ಮಾರ್ಗದರ್ಶಕಿ, ‘ಮೋಗ್ಲಿಂಗ್ ಅಲ್ಲೇ ಇರಲಿ, ನಿನ್ನೂರಿನ ಸುದ್ದಿ ಎಲ್ಲಿಂದ ಬರುತ್ತದೆ, ಅದನ್ನು ಹುಡುಕು’ ಎಂದರು.

ಮೂರು ಪತ್ರಿಕೆಗಳ ಮೂರು ತಿಂಗಳ ಜಿಲ್ಲಾ ಪುಟಗಳನ್ನು ಗ್ರಂಥಾಲಯದ ಮೇಜಿನ ಮೇಲೆ ಪಕ್ಕಪಕ್ಕ ಹರಡಿ ಓದತೊಡಗಿದೆ. ಎರಡನೇ ವಾರದಲ್ಲಿ ರಸ್ತೆ ಕಾಮಗಾರಿಯೊಂದರ ಸುದ್ದಿ ಸಿಕ್ಕಿತು. ಮೂರೂ ಪತ್ರಿಕೆಗಳಲ್ಲಿ ‘ಶಂಖುಸ್ಥಾಪನೆ’ ಎಂದೇ ಇತ್ತು. ನೆಡುವುದು ಶಂಕು, ಊದುವುದು ಶಂಖ. ತಪ್ಪು ಒಂದೇ ಆದ ಮೇಲೆ ಮೂಲವೂ ಒಂದೇ. ಶಾಸಕರ ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರಕಟಣೆ ಒಂದಕ್ಷರವೂ ಕದಲದೆ ಮೂರು ಪುಟಗಳಲ್ಲಿ ಅಚ್ಚಾಗಿತ್ತು. ಆಮೇಲೆ ನಾನು ಸುದ್ದಿ ಓದುವುದನ್ನು ಬಿಟ್ಟು ಕಾಗುಣಿತದ ತಪ್ಪುಗಳನ್ನೇ ಹಿಂಬಾಲಿಸಿದೆ. ಅವು ನೇರವಾಗಿ ಮೂಲಕ್ಕೆ ಕರೆದೊಯ್ಯುತ್ತಿದ್ದವು.

ದೊಡ್ಡ ಭ್ರಷ್ಟಾಚಾರವನ್ನೇ ಬಯಲಿಗೆಳೆದೆ ಎಂಬ ಹುರುಪಿನಲ್ಲಿ ತಾಲ್ಲೂಕಿನ ಅರೆಕಾಲಿಕ ವರದಿಗಾರರೊಬ್ಬರ ಮುಂದೆ ಹೋಗಿ ಕುಳಿತೆ. ಅವರು ಚಹಾ ತರಿಸಿ, ‘ಬೆಳಗ್ಗೆ ಐದಕ್ಕೆ ಪತ್ರಿಕೆಯ ಬಂಡಲ್ ಇಳಿಸುತ್ತೇನೆ, ಮಧ್ಯಾಹ್ನ ಜಾಹೀರಾತಿಗೆ ಅಲೆಯುತ್ತೇನೆ, ಸಂಜೆ ಸುದ್ದಿ ಕಳಿಸುತ್ತೇನೆ. ಸಂಜೆಯ ಹೊತ್ತಿಗೆ ಪ್ರಕಟಣೆಯಲ್ಲದೆ ನನ್ನ ಬಳಿ ಇನ್ನೇನಿರುತ್ತದಪ್ಪ?’ ಎಂದರು. ನನ್ನ ಪ್ರಬಂಧದ ಕೊನೆಯ ಅಧ್ಯಾಯವನ್ನು ಅಂದು ರಾತ್ರಿಯೇ ಹರಿದು ಹೊಸದಾಗಿ ಬರೆದೆ. ಮೂರು ವರ್ಷ ಸಂವಹನ ಸಿದ್ಧಾಂತಗಳನ್ನು ಉರುಹೊಡೆದಿದ್ದರೂ, ವರದಿಗಾರನೇ ಏಜೆಂಟನೂ ಆಗಿರುತ್ತಾನೆ ಎಂದು ಯಾವ ಪಠ್ಯವೂ ನನಗೆ ಹೇಳಿರಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಲು ಕಲಿತದ್ದೂ ಆ ವರ್ಷವೇ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು. ನನ್ನ ಮೊದಲ ಅರ್ಜಿ ಪ್ರಬಂಧದಷ್ಟು ಉದ್ದವಿತ್ತು, ಹೋದಂತೆಯೇ ಹಿಂದಿರುಗಿತು. 150ಕ್ಕೆ ಇಳಿಸುವಷ್ಟರಲ್ಲಿ, ನಾನು ಕೇಳಬೇಕಾದದ್ದು ಏನು ಎಂದು ನನಗೇ ಗೊತ್ತಾಯಿತು.

ಇಂಟರ್ನ್‌ಶಿಪ್ ಬಗ್ಗೆಯೂ ಕೇಳಿದ್ದೀರಿ. ಹಾಜರಾತಿ ಪತ್ರಕ್ಕಾಗಿ ಮಾಡುವುದಾದರೆ ಮಾಡಬೇಡಿ. ನಾನು ಹಳ್ಳಿಯೊಂದರ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ ಎಂದು ಬರೆದುಕೊಟ್ಟಾಗ ಹಿರಿಯ ಉಪಸಂಪಾದಕರು ಕೇಳಿದ್ದು ಒಂದೇ ಪ್ರಶ್ನೆ: ‘ಬೀಗದ ಕೈ ಯಾರ ಹತ್ತಿರ ಇದೆ?’ ನನಗೆ ಗೊತ್ತಿರಲಿಲ್ಲ. ಮರುದಿನ ಬಸ್ ಹತ್ತಿ ಹೋಗಿ ನೋಡಿದರೆ ಎದುರಿನ ಕಿರಾಣಿ ಅಂಗಡಿಯ ಮೊಳೆಗೆ ನೇತುಹಾಕಿದ್ದರು. ಘಟಕ ಕೆಟ್ಟಿರಲೇ ಇಲ್ಲ, ವಿದ್ಯುತ್ ಬಿಲ್ ಯಾರು ಕಟ್ಟಬೇಕೆಂಬ ತಕರಾರಿನಲ್ಲಿ ಬೀಗ ಬಿದ್ದಿತ್ತು. ಸುದ್ದಿಯನ್ನು ಮೊದಲಿನಿಂದ ಬರೆಯಬೇಕಾಯಿತು.

ಆದ್ದರಿಂದ ನನ್ನ ಸಲಹೆ ಇಷ್ಟೇ. ವರ್ಷವಿಡೀ ಬೆನ್ನುಹತ್ತುವಂಥ ಒಂದು ಪ್ರಶ್ನೆ ನಿಮ್ಮಲ್ಲಿದ್ದರೆ, ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮುಖಕ್ಕೆ ಹಿಡಿಯುವ ಒಬ್ಬ ಅಧ್ಯಾಪಕರಾದರೂ ವಿಭಾಗದಲ್ಲಿದ್ದರೆ, ಉಳಿಯಿರಿ. ಎರಡರಲ್ಲಿ ಒಂದಿಲ್ಲದಿದ್ದರೂ ಮೂರಕ್ಕೇ ಮುಗಿಸಿ ಯಾವುದಾದರೂ ಡೆಸ್ಕ್ ಸೇರಿ. ಅಲ್ಲಿ ತಿದ್ದುವವರಿಗೆ ಬರವಿಲ್ಲ, ಸಂಬಳವೂ ಸಿಗುತ್ತದೆ, ಕಡಿಮೆಯೇ ಆದರೂ.

ಉಳಿಯುವುದೇ ಆದರೆ, ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಯಾವ ತಿಂಗಳು ರದ್ದಿಗೆ ಹಾಕುತ್ತಾರೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ನಮ್ಮಲ್ಲಿ ಅದು ಮಾರ್ಚ್. ನನಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ.